ಮೊದಲ ಕಾರು, ನಾಲ್ಕೈದು ಲಕ್ಷ: ಹಳೆ ಗಾಡಿ ಆರಿಸುವ ಬಗೆ

ಕಾರು ತಗೋಬೇಕು ಅಂತ ಬಾಯಿಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ಭಾವನಿಗೆ ಒಂದು ಕಂಪನಿ ಇಷ್ಟ, ಆಫೀಸಿನ ಗೆಳೆಯನಿಗೆ ಇನ್ನೊಂದು, ಯೂಟ್ಯೂಬಿನವರಿಗೆ ವಾರಕ್ಕೊಂದು. ಇವರ್ಯಾರೂ ಕೇಳದ ಪ್ರಶ್ನೆಯೊಂದಿದೆ: ನಿಮ್ಮೂರಿನ ಗ್ಯಾರೇಜಿನ ಮೇಸ್ತ್ರಿ ಯಾವ ಗಾಡಿಯನ್ನು ಪುಸ್ತಕ ನೋಡದೆ, ಫೋನ್ ಮಾಡದೆ ಬಿಚ್ಚಿ ಜೋಡಿಸಬಲ್ಲರು? ಮೊದಲ ಸಲ ಕಾರು ಕೊಳ್ಳುವವರಿಗೆ ನೆಚ್ಚಬಹುದಾದ ಕಾರು ಅಂದರೆ ಹೆಚ್ಚುಕಡಿಮೆ ಅದೇ. ಬೀದಿಯಲ್ಲಿ ಹತ್ತು ಕಾಣುವಂಥ, ಯಾರೂ ತಿರುಗಿ ನೋಡದಂಥ ಗಾಡಿ. ಈ ಬರಹ ಕರ್ನಾಟಕದಲ್ಲಿ ನಾಲ್ಕೈದು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿರುವವರಿಗಾಗಿ.

ಹಂತ 1: ದುಡ್ಡನ್ನು ಎರಡು ಪಾಲು ಮಾಡಿ

ಕೈಯಲ್ಲಿ 4 ಲಕ್ಷವಿದ್ದರೆ ಮೂರೂವರೆ ಲಕ್ಷದ ಗಾಡಿ ಹುಡುಕಿ. ಉಳಿದ 50 ಸಾವಿರ ಮೊದಲ ಎರಡು ಮೂರು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಸಣ್ಣ ಕಾರಿಗೂ ನಾಲ್ಕು ಟೈರ್ ಬದಲಿಸಲು 15ರಿಂದ 20 ಸಾವಿರ ಬೇಕು. ಅದರ ಮೇಲೆ ಬ್ಯಾಟರಿ, ಒಂದು ಪೂರ್ತಿ ಸರ್ವಿಸ್, ವಿಮೆ, ಹೆಸರು ವರ್ಗಾವಣೆ. ಇದ್ದ ದುಡ್ಡನ್ನೆಲ್ಲ ಗಾಡಿಗೇ ಸುರಿದವರು ಸವೆದ ಟೈರಿನಲ್ಲೇ ಮಳೆಗಾಲ ಕಳೆಯುತ್ತಾರೆ. ಸಾಲ ಮಾಡುವುದಾದರೆ ನೆನಪಿಡಿ, ಹಳೆ ಕಾರಿನ ಸಾಲಕ್ಕೆ ಬಡ್ಡಿ ಹೊಸ ಕಾರಿನದ್ದಕ್ಕಿಂತ ಹೆಚ್ಚು.

ಹಾಗಾದರೆ ಹೊಸದನ್ನೇ ಯಾಕೆ ಕೊಳ್ಳಬಾರದು? ಒಮ್ಮೆ ಲೆಕ್ಕ ಹಾಕಿ ನೋಡಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಆಗ ಆಲ್ಟೊ ಕೆ10ನಂಥ ಕಾರಿನ ಆರಂಭಿಕ ಮಾದರಿಯ ಶೋರೂಮ್ ಬೆಲೆ 4 ಲಕ್ಷದ ಕೆಳಗೆ ಬಂತು. ಆದರೆ ಶೋರೂಮ್ ಬೆಲೆಗೆ ಕಾರು ಮನೆಗೆ ಬರುವುದಿಲ್ಲ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನದ್ದರ ಸಾಲಿಗೆ ಸೇರುತ್ತದೆ. 5ರಿಂದ 10 ಲಕ್ಷದ ಕಾರಿಗೆ ಶೇಕಡಾ 14ರ ಲೆಕ್ಕ ಹಿಡಿದರೆ, 6 ಲಕ್ಷದ ಗಾಡಿಗೆ ತೆರಿಗೆಯೇ 84 ಸಾವಿರ, ಮೇಲೆ ಸೆಸ್ ಬೇರೆ. ಹಳೆ ಗಾಡಿಯಲ್ಲಿ ಈ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿಯಾಗಿರುತ್ತದೆ, ಮೊದಲ ಮೂರು ನಾಲ್ಕು ವರ್ಷದ ಬೆಲೆ ಕುಸಿತವನ್ನೂ ಅವನೇ ನುಂಗಿರುತ್ತಾನೆ. ಹಾಗಾಗಿ ನಾಲ್ಕರಿಂದ ಏಳು ವರ್ಷದ ಗಾಡಿ ನಮ್ಮಂಥವರಿಗೆ ಲಾಭ.

ಹಂತ 2: ತಿಂಗಳಿಗೆ ಎಷ್ಟು ಕಿಲೋಮೀಟರ್?

ಇದನ್ನು ಕಾಗದದ ಮೇಲೆ ಬರೆಯಿರಿ. ಊಹೆಯಲ್ಲಿ ಎಲ್ಲರೂ ವಾರಕ್ಕೊಮ್ಮೆ ಮಡಿಕೇರಿಗೆ ಹೋಗುತ್ತಾರೆ. ವಾಸ್ತವದಲ್ಲಿ ಆಫೀಸು, ತರಕಾರಿ, ವರ್ಷಕ್ಕೆರಡು ಸಲ ಊರು.

ತಿಂಗಳಿಗೆ 800 ಕಿಲೋಮೀಟರ್ ಅಂದುಕೊಳ್ಳೋಣ, ವರ್ಷಕ್ಕೆ 9,600. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ 600 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 62 ಸಾವಿರ. ಲೀಟರಿಗೆ 18 ಕೊಡುವ ಡೀಸೆಲ್ ಕಾರು, 91 ರೂಪಾಯಿ ದರದಲ್ಲಿ, ಸುಮಾರು 48,500ಕ್ಕೆ ಅಷ್ಟೇ ದೂರ ಓಡುತ್ತದೆ. ವರ್ಷಕ್ಕೆ ಉಳಿಯುವುದು ಹದಿಮೂರು ಸಾವಿರ ಚಿಲ್ಲರೆ. ಹಳೆ ಡೀಸೆಲ್ ಗಾಡಿಯ ಇಂಜೆಕ್ಟರ್‌ಗಳೋ ಟರ್ಬೊವೋ ಒಮ್ಮೆ ಕೈಕೊಟ್ಟರೆ ಎರಡು ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ. 2020ರ ಏಪ್ರಿಲ್‌ನಿಂದೀಚಿನ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯ ಮೇಲೆ ಒಂದೇ ವೇಗದಲ್ಲಿ ಓಡಿದರೆ ಮಾತ್ರ ಅದು ತನ್ನನ್ನು ತಾನು ಶುಚಿಮಾಡಿಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನ ಕಳೆಯುವ ಗಾಡಿಗೆ ಆ ಅವಕಾಶ ಎಲ್ಲಿಂದ ಬರಬೇಕು? ತಿಂಗಳಿಗೆ ಒಂದೂವರೆ ಸಾವಿರ ಕಿಲೋಮೀಟರ್ ದಾಟದವರು ಪೆಟ್ರೋಲಿಗೇ ನಿಂತರೆ ಒಳ್ಳೆಯದು.

ಪೆಟ್ರೋಲಿನಲ್ಲೂ ಒಂದು ಸಂಗತಿ ಗಮನಿಸಬೇಕು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಇದಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಕಾರುಗಳ ಪೈಪು, ಸೀಲುಗಳು ಇದಕ್ಕೆ ಒಗ್ಗುವಂತಿವೆ. ಅದಕ್ಕಿಂತ ಹಳೆಯದಾದರೆ ಗಾಬರಿ ಬೇಡ. ಮೈಲೇಜ್ ಕೊಂಚ ಕಡಿಮೆ ಹಿಡಿದು ಲೆಕ್ಕ ಹಾಕಿ, ಇಂಧನದ ರಬ್ಬರ್ ಪೈಪುಗಳನ್ನು ಸರ್ವಿಸ್‌ನಲ್ಲಿ ನೋಡಿಸುತ್ತಿರಿ.

ಹಂತ 3: ಎರಡು ಮೂರು ಮಾದರಿಗೆ ಇಳಿಸಿ

ಈಗ ಮೇಸ್ತ್ರಿಯ ಬಳಿ ಹೋಗಿ. ಮನೆಗೆ ಹತ್ತಿರದ, ಒಳ್ಳೆಯ ಹೆಸರಿರುವ ಗ್ಯಾರೇಜ್ ನೋಡಿಕೊಂಡು, ಅವರಿಗೆ ಕೈ ಬಿಡುವಿರುವ ಹೊತ್ತಿನಲ್ಲಿ ಕೇಳಿ: ಯಾವ ಗಾಡಿಯ ಬಿಡಿಭಾಗ ಅದೇ ದಿನ ಸಿಗುತ್ತದೆ, ಯಾವುದಕ್ಕೆ ಬೆಂಗಳೂರಿನಿಂದ ತರಿಸಬೇಕು? ವ್ಯಾಗನ್ ಆರ್, ಸ್ವಿಫ್ಟ್, ಆಲ್ಟೊ, ಐ10, ಸ್ಯಾಂಟ್ರೊಗಳ ಹೆಸರು ಬಂದೇ ಬರುತ್ತದೆ. ನನ್ನ ಪಟ್ಟಿಯಲ್ಲಿ ಇನ್ನೊಂದಿದೆ, ಟೊಯೊಟಾ ಎಟಿಯೋಸ್. ಬಿಡದಿಯಲ್ಲೇ ತಯಾರಾಗುತ್ತಿದ್ದ ಈ ಕಾರು 2020ರಲ್ಲಿ ನಿಂತುಹೋಯಿತು. ನೋಟದಲ್ಲಿ ಏನೂ ಇಲ್ಲ, ಗಟ್ಟಿತನದಲ್ಲಿ ಕೊರತೆಯಿಲ್ಲ. ಟ್ಯಾಕ್ಸಿಯವರು ಅದನ್ನು ಮೆಚ್ಚಿದ್ದೂ ಅದಕ್ಕೇ. ಹಾಗೆಂದೇ ಎಟಿಯೋಸ್ ಕೊಳ್ಳುವಾಗ ಅದು ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದದ್ದೇ ಎಂದು ಎರಡೆರಡು ಸಲ ನೋಡಬೇಕು.

ಮಾರುಕಟ್ಟೆಯಲ್ಲಿ ಕೆಲವು ಒಳ್ಳೆಯ ಕಾರುಗಳು ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತವೆ. ಶೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು, ದಾಟ್ಸನ್ 2022ರಲ್ಲಿ ಮುಗಿಯಿತು. ಓಡಿಸುವ ಖುಷಿಗೆ ಫೋರ್ಡ್ ಫಿಗೊ ಈಗಲೂ ಚೆನ್ನ. ಆದರೆ ಮೊದಲ ಕಾರಿಗೆ ಬೇಡ. ಒಂದು ಹೆಡ್‌ಲೈಟ್ ಒಡೆದಾಗ ಅದನ್ನು ಹುಡುಕುವ ಪಾಡು ಅನುಭವಸ್ಥರಿಗಿರಲಿ.

ಸುರಕ್ಷತೆಯ ವಿಷಯದಲ್ಲಿ ಒಂದು ತಾರೀಕು ಮನಸ್ಸಿನಲ್ಲಿರಲಿ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್, ಅದೇ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ರಿವರ್ಸ್ ಸೆನ್ಸರ್ ಕಡ್ಡಾಯವಾದವು. ಅದಕ್ಕೂ ಮೊದಲಿನ ಅಗ್ಗದ ಮಾದರಿಗಳಲ್ಲಿ ಇವು ಬಹುಪಾಲು ಇರಲಿಲ್ಲ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದ್ದು ಇನ್ನೂ ತಡವಾಗಿ, 2021ರ ಹೊತ್ತಿಗೆ. 20 ಸಾವಿರ ಹೆಚ್ಚಾದರೂ 2019ರ ಜುಲೈನಿಂದೀಚಿನ ಗಾಡಿಗೇ ಕೈಹಾಕಿ ಎನ್ನುತ್ತೇನೆ. ಅಲಾಯ್ ವೀಲು, ದೊಡ್ಡ ಸ್ಕ್ರೀನು ಆಮೇಲೂ ಹಾಕಿಸಬಹುದು, ಏರ್‌ಬ್ಯಾಗ್ ಹಾಕಿಸಲಾಗದು.

ಹಂತ 4: ಹುಡುಕುವ ಜಾಗ

ಅತ್ಯುತ್ತಮ ಗಾಡಿಗಳು ಜಾಹೀರಾತಿಗೆ ಬರುವುದೇ ಇಲ್ಲ, ಪರಿಚಯದವರ ನಡುವೆಯೇ ಕೈ ಬದಲಾಗುತ್ತವೆ. ಆದ್ದರಿಂದ ಆಫೀಸು, ಅಪಾರ್ಟ್‌ಮೆಂಟ್ ಗುಂಪು, ನೆಂಟರಿಷ್ಟರಿಗೆಲ್ಲ ಮೊದಲೇ ಹೇಳಿಡಿ. ಆಮೇಲೆ ಕಂಪನಿಗಳದ್ದೇ ಆದ ಮಾರುತಿ ಟ್ರೂ ವ್ಯಾಲ್ಯೂ, ಟೊಯೊಟಾ ಯು ಟ್ರಸ್ಟ್‌ನಂಥ ಮಳಿಗೆಗಳು. ಅಲ್ಲಿ ಬೆಲೆ ಹೆಚ್ಚು, ಆದರೆ ಸರ್ವಿಸ್ ದಾಖಲೆ ಸಿಗುತ್ತದೆ, ಅಷ್ಟಿಷ್ಟು ವಾರಂಟಿಯೂ ಇರುತ್ತದೆ. ಕೊನೆಗೆ ಬ್ರೋಕರ್‌ಗಳು ಮತ್ತು ರಸ್ತೆಬದಿಯ ಡೀಲರ್‌ಗಳು. 2023ರ ಏಪ್ರಿಲ್‌ನಿಂದ ಹಳೆ ವಾಹನದ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮವಿದೆ. ಅದನ್ನು ತೋರಿಸಿ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ಧಾಟಿ ಹೆಚ್ಚು ಹೇಳುತ್ತದೆ.

ದೆಹಲಿ ನೋಂದಣಿಯ ಗಾಡಿ ಅಗ್ಗಕ್ಕೆ ಕಂಡರೆ ತಡೆಯಿರಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಹರಿದುಬರುತ್ತಿವೆ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇರುವುದಾದರೆ ಮರುನೋಂದಣಿ ಬೇಕು. ಆ ರಾಜ್ಯದ ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಕಚೇರಿ ಅಲೆದಾಟ ಎಲ್ಲ ಸೇರಿದರೆ ಅಗ್ಗವೆನ್ನುವುದು ಎಲ್ಲೋ ಕಳೆದುಹೋಗಿರುತ್ತದೆ.

ಹಂತ 5: ಗಾಡಿಗೆ ಮೊದಲು ಕಾಗದ

ಬಹಳ ಜನ ಗಾಡಿ ನೋಡಿ ಮನಸ್ಸು ಕೊಟ್ಟಮೇಲೆ ಕಾಗದ ಕೇಳುತ್ತಾರೆ. ಮನಸ್ಸು ಕೊಟ್ಟವರಿಗೆ ಕಾಗದದ ತಪ್ಪು ಕಾಣುವುದಿಲ್ಲ. ಫೋನಿನಲ್ಲೇ ನೋಂದಣಿ ಸಂಖ್ಯೆ ಕೇಳಿ, ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ: ನೋಂದಣಿಯ ದಿನ, ಇಂಧನ, ವಿಮೆ ಎಂದಿನವರೆಗೆ. ಆಮೇಲೆ ಆರ್‌ಸಿ ಮತ್ತು ವಿಮಾ ಪಾಲಿಸಿಯ ಫೋಟೊ ತರಿಸಿಕೊಳ್ಳಿ.

ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ಇರುತ್ತದೆ. ‘ಫಸ್ಟ್ ಓನರ್’ ಎಂದ ಗಾಡಿಯಲ್ಲಿ 3 ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬ್ಯಾಂಕಿನ ಹೆಸರು ಇದೆಯೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಬಿಟ್ಟವರು ಎಷ್ಟೋ ಮಂದಿ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿಯೇ ಮಾರಲಿ. ಮಾಲೀಕರು ತೀರಿಕೊಂಡಿದ್ದು ಮಗ ಮಾರುತ್ತಿದ್ದರೆ, ಗಾಡಿ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು.

ವಿಮಾ ಪಾಲಿಸಿ ಪತ್ತೇದಾರರಿಗೆ ಹೇಳಿಮಾಡಿಸಿದ ಕಾಗದ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲಿರುತ್ತದೆ. ಪರಿಹಾರ ಕೇಳದೆ ವರ್ಷ ಕಳೆದಂತೆ ಅದು 20, 25, 35, 45, ಕೊನೆಗೆ 50 ಶೇಕಡಾಕ್ಕೆ ಏರುತ್ತದೆ. ಒಬ್ಬರೇ ಮಾಲೀಕರ, ಆರು ವರ್ಷದ ಗಾಡಿಗೆ ಈ ಸಾಲಿನಲ್ಲಿ ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರಬಹುದು, ಇಲ್ಲವೇ ವಿಮೆ ಕಟ್ಟದೆ ಬಿಟ್ಟಿರಬಹುದು. ಯಾವುದು ಎಂದು ಕೇಳಿ. ಬಂಪರ್ ಉಜ್ಜಿದ್ದಕ್ಕೆ ಕ್ಲೇಮ್ ಆಗಿದ್ದರೆ ತೊಂದರೆಯಿಲ್ಲ, ಬಿಲ್ ತೋರಿಸಲಿ.

ಇ-ಚಲನ್ ಬಾಕಿ ಎಷ್ಟಿದೆ ಎಂಬುದನ್ನು ಪೊಲೀಸರ ತಾಣದಲ್ಲಿ ನೋಡಿ. ಬೆಂಗಳೂರಿನ ಗಾಡಿಗಳ ಮೇಲೆ ಹತ್ತಿಪ್ಪತ್ತು ಚಲನ್ ಇದ್ದರೆ ಆಶ್ಚರ್ಯಪಡಬೇಡಿ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂಬುದನ್ನೂ.

ಹಂತ 6: ತಣ್ಣಗಿರುವಾಗ ನೋಡಿ

ಹಗಲಲ್ಲಿ, ಒಣ ಗಾಡಿಯನ್ನು ನೋಡಬೇಕು. ಒದ್ದೆ ಬಣ್ಣದ ಮೇಲೆ ಎಲ್ಲವೂ ಹೊಳೆಯುತ್ತದೆ. ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ, ಹೋದ ತಕ್ಷಣ ಬೋನೆಟ್ ಮೇಲೆ ಅಂಗೈ ಇಡಿ. ಬಿಸಿಯಾಗಿದ್ದರೆ, ತಣ್ಣನೆಯ ಎಂಜಿನ್ ಮಾಡುವ ಸದ್ದನ್ನು ನಿಮ್ಮಿಂದ ಮರೆಮಾಡಿದ್ದಾರೆ ಎಂದೇ ತಿಳಿಯಿರಿ.

ಜಾನುವಾರು ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರಲ್ಲ, ಕಾರಿಗೆ ಅಂಥ ಹಲ್ಲು ಎಂದರೆ ಟೈರು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆಯೊಂದಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಮೀಟರ್ 28 ಸಾವಿರ ತೋರಿಸುತ್ತಿದ್ದು, ಟೈರುಗಳೆಲ್ಲ ಗಾಡಿಗಿಂತ ಮೂರು ವರ್ಷ ಚಿಕ್ಕವಾಗಿದ್ದರೆ ಯೋಚಿಸಿ. ಕಾರಿನ ಟೈರು ಸಾಮಾನ್ಯವಾಗಿ 40 ಸಾವಿರ ಕಿಲೋಮೀಟರ್ ಬರುತ್ತದೆ. ಹಾಗಾದರೆ ಮೊದಲ ಸೆಟ್ ಎಲ್ಲಿ ಸವೆಯಿತು? ಮೀಟರ್ ಹಿಂದಕ್ಕೆ ತಿರುಗಿಸುವುದು ಇವತ್ತು ಲ್ಯಾಪ್‌ಟಾಪ್ ಹಿಡಿದು ಮಾಡುವ ಕೆಲಸ. ಆದರೆ ಬ್ರೇಕ್ ಪೆಡಲಿನ ರಬ್ಬರ್, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟಿನ ಬಲಬದಿಯ ಅಂಚು ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಪ್ರತಿ ಸರ್ವಿಸ್‌ನಲ್ಲಿ ಬರೆದಿಟ್ಟ ಕಿಲೋಮೀಟರ್ ಸಿಗುತ್ತದೆ. ಇದೇ ಅತಿ ಗಟ್ಟಿ ಸಾಕ್ಷಿ.

ಟೈರ್ ಒಂದೇ ಬದಿಯಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಗುದ್ದಿ ಚೌಕಟ್ಟು ವಾರೆಯಾಗಿದೆ.

ಅಪಘಾತದ ಗುರುತು ಹೊರಗಿನ ಬಣ್ಣಕ್ಕಿಂತ ಸಂದಿಗೊಂದಿಗಳಲ್ಲಿ ಸಿಗುತ್ತದೆ. ಬೋನೆಟ್, ಬಾಗಿಲುಗಳ ಸುತ್ತಲಿನ ಸಂದಿ ಎರಡೂ ಬದಿಗೆ ಸಮವಾಗಿದೆಯೇ? ಬೋನೆಟ್ ಹಿಡಿದ ಬೋಲ್ಟುಗಳ ಬಣ್ಣ ಕಿತ್ತಿದೆಯೇ? ಬಾಗಿಲಿನ ಪಟ್ಟಿಯ ರಬ್ಬರ್ ಎಳೆದು ನೋಡಿ, ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ ಕಾಣಬೇಕು. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ಸುಕ್ಕು ಇದೆಯೇ ನೋಡಿ. ಒಂದು ಬಾಗಿಲಿಗೆ ಮರುಬಣ್ಣ ಬಳಿದಿದ್ದರೆ ಅದು ನಮ್ಮ ರಸ್ತೆಗಳ ಸಹಜ ಧರ್ಮ. ಪಿಲ್ಲರ್ ಅಥವಾ ಚಾಸಿಗೆ ಟಿಂಕರಿಂಗ್ ಆಗಿದ್ದರೆ ಎಷ್ಟು ಅಗ್ಗವಾದರೂ ಬೇಡ.

ನೀರು ಕುಡಿದ ಗಾಡಿಯ ಭಯವೂ ಸುಳ್ಳಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಆಸುಪಾಸು ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ನೋಡಿದ್ದಾರೆ; 2023ರ ಡಿಸೆಂಬರ್‌ನಲ್ಲಿ ಚೆನ್ನೈಯದೂ ಅದೇ ಕಥೆ. ಒಳಗೆ ಸುಗಂಧ ವಿಪರೀತವಾಗಿದ್ದರೆ ಅನುಮಾನ ಪಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ತೊಳೆಯುವವರು ಇವೆರಡನ್ನು ಮರೆಯುತ್ತಾರೆ. ಕರಾವಳಿಯ ಕೆಎ 19, ಕೆಎ 20 ಗಾಡಿಗಳಾದರೆ ರ‍್ಯಾಂಪಿನ ಮೇಲೇರಿಸಿ ಅಡಿಭಾಗದ ತುಕ್ಕು ನೋಡದೆ ಮಾತು ಕೊಡಬೇಡಿ.

ಎಂಜಿನ್ನಿಗೆ ಮೇಸ್ತ್ರಿಯನ್ನೇ ಕರೆದೊಯ್ಯಿರಿ. ಅರ್ಧ ದಿನದ ಕೂಲಿ ಕೊಟ್ಟರೆ ನಷ್ಟವಿಲ್ಲ. ಆದರೂ ನೀವೇ ನೋಡಬಹುದಾದ ಕೆಲವಿವೆ. ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡಿ: ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಹೋಗುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆತಂಥ ಲೋಳೆ ಕಂಡರೆ ಆಯಿಲ್‌ಗೆ ನೀರು ಸೇರಿದೆ. ಈ ಮೂರರಲ್ಲಿ ಯಾವುದಿದ್ದರೂ ವಾಪಸ್ ಬನ್ನಿ.

ಹಂತ 7: ಓಡಿಸಿ

ಅರ್ಧ ಗಂಟೆಯಾದರೂ ಬೇಕು, ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರಬೇಕು. ರೇಡಿಯೊ ಆರಿಸಿ, ಕಿಟಕಿ ಇಳಿಸಿ. ರೋಡ್ ಹಂಪಿನ ಮೇಲೆ ನಿಧಾನವಾಗಿ ಹೋದಾಗ ಟಕಟಕ ಎಂದರೆ ಸಸ್ಪೆನ್ಶನ್ ಕೆಲಸ ಕಾದಿದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಖಾಲಿ ನೇರ ರಸ್ತೆಯಲ್ಲಿ ಹಿಡಿತ ಸಡಿಲಿಸಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು, ಬ್ರೇಕ್ ಹಾಕಿದಾಗಲೂ ಅಷ್ಟೇ. ಎಸಿ ಹತ್ತು ನಿಮಿಷ ಓಡಲಿ. ಕಿಟಕಿ, ವೈಪರ್, ಹಾರ್ನ್, ಎಲ್ಲ ಸ್ವಿಚ್ಚುಗಳನ್ನೂ ಒತ್ತಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಯಾರೋ ಬಲ್ಬ್ ಕಿತ್ತಿರಬಹುದು.

ಹಂತ 8: ಬೆಲೆ ಮಾತಾಡುವುದು

ಜಿಎಸ್‌ಟಿ ಇಳಿದು ಹೊಸ ಗಾಡಿ ಅಗ್ಗವಾದಮೇಲೂ, ಎಷ್ಟೋ ಮಾಲೀಕರ ತಲೆಯಲ್ಲಿ ತಾವು ಅಂದು ಕೊಟ್ಟ ಬೆಲೆಯೇ ಕೂತಿದೆ. ಅದೇ ಮಾದರಿಯ ಹೊಸ ಗಾಡಿಯ ಇವತ್ತಿನ ಬೆಲೆಯನ್ನು ಶೋರೂಮಿನಿಂದ ಬರೆಸಿಕೊಂಡು ಹೋಗಿ, ಮಾತು ಅಲ್ಲಿಂದ ಶುರುವಾಗಲಿ. ಟೈರು, ಕ್ಲಚ್, ಬಾಕಿ ಚಲನ್, ಮುಗಿಯುತ್ತಿರುವ ವಿಮೆ ಎಲ್ಲಕ್ಕೂ ರೂಪಾಯಿ ಲೆಕ್ಕ ಬರೆದು ತೋರಿಸಿ. ‘ಸ್ವಲ್ಪ ನೋಡಿ ಸಾರ್’ ಎಂದರೆ ಇಳಿಯುವುದಕ್ಕಿಂತ ಇದಕ್ಕೆ ಹೆಚ್ಚು ಇಳಿಯುತ್ತಾರೆ. ಮುಂಗಡ ಸಣ್ಣ ಮೊತ್ತವಿರಲಿ, ರಸೀದಿ ಇರಲಿ. ಉಳಿದದ್ದು ಬ್ಯಾಂಕಿನ ಮೂಲಕ.

ಹಂತ 9: ಹೆಸರಿಗೆ ಮಾಡಿಸಿಕೊಳ್ಳಿ

ಮಾರುವವರು ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ವ್ಯವಹಾರ ಮುಗಿಯಿತೆಂದು ಇಬ್ಬರೂ ತಿಳಿಯುವುದು ನಮ್ಮಲ್ಲಿನ ದೊಡ್ಡ ರೋಗ. ಆ ಕಾಗದ ವರ್ಷಗಟ್ಟಲೆ ಡ್ಯಾಶ್‌ಬೋರ್ಡಿನಲ್ಲೇ ಕೂತಿರುತ್ತದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಮಾರುವವರು ಉದಾಸೀನ ಮಾಡಿದರೆ ಅವರಿಗೆ 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿ. ಗಾಡಿ ಎಷ್ಟು ಕೈ ದಾಟಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆಗೆ ಅವರೇ ಮಾಲೀಕರು ಎಂದು ಅದು ಹೇಳಿತು. ಅರ್ಜಿಯನ್ನು ಪರಿವಾಹನ್ ತಾಣದಲ್ಲಿ ತುಂಬಬಹುದು. ಸರ್ಕಾರಿ ಶುಲ್ಕ ನೂರುಗಳ ಲೆಕ್ಕದಲ್ಲಿದೆ, ಏಜೆಂಟರದ್ದು ಸಾವಿರಗಳಲ್ಲಿ. ಬಿಡುವಿಲ್ಲದವರು ಏಜೆಂಟರಿಗೆ ಕೊಡಲಿ, ಆದರೆ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಎಂದು ಬೇರೆ ಬೇರೆ ಕೇಳಿ.

ವಿಮೆಗೆ ಗಡುವು ಇನ್ನೂ ಹತ್ತಿರ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಗಾಡಿಯ ಜೊತೆಗೇ ಬರುತ್ತದೆ, ಆದರೆ ನಿಮ್ಮ ಗಾಡಿಯ ಹಾನಿಗೆ ಪರಿಹಾರ ಬೇಕೆಂದರೆ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಪಾಲಿಸಿಯನ್ನು ಹೆಸರಿಗೆ ಮಾಡಿಸಬೇಕು. ನೋ ಕ್ಲೇಮ್ ಬೋನಸ್ ಮಾತ್ರ ಹಳೆ ಮಾಲೀಕರ ಜೊತೆ ಹೋಗುತ್ತದೆ, ಅದು ಗಾಡಿಯದ್ದಲ್ಲ, ವ್ಯಕ್ತಿಯದ್ದು. ಹಾಗಾಗಿ ವ್ಯತ್ಯಾಸದ ಹಣ ಕಟ್ಟಬೇಕಾಗಬಹುದು.

ಕೀ ಕೈಗೆ ಬರುವ ದಿನ ಒಂದು ಡೆಲಿವರಿ ಪತ್ರ ಬರೆಸಿ. ತಾರೀಕಿನ ಜೊತೆ ಗಂಟೆ ನಿಮಿಷವೂ ಇರಲಿ, ಆಮೇಲಿನ ಚಲನ್ ಯಾರದ್ದೆಂಬ ಜಗಳ ಬರುವುದಿಲ್ಲ. ಎರಡನೇ ಕೀ ಕೇಳಿ ಪಡೆಯಿರಿ. ಹಳೆಯ ಫಾಸ್ಟ್ಯಾಗನ್ನು ಅವರೇ ರದ್ದು ಮಾಡಿಸಲಿ. ಅದು ಚಾಲ್ತಿಯಲ್ಲಿದ್ದರೆ ಅದೇ ಗಾಡಿಗೆ ನಿಮ್ಮ ಹೊಸ ಟ್ಯಾಗ್ ಸಿಗುವುದು ಕಷ್ಟ. ಅಲ್ಲಿಂದ ನೇರ ಮೇಸ್ತ್ರಿಯ ಗ್ಯಾರೇಜಿಗೆ ಹೋಗಿ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ, ಅವತ್ತಿನ ಕಿಲೋಮೀಟರನ್ನು ಬಿಲ್ಲಿನ ಮೇಲೆ ಬರೆಸಿಡಿ. ನಾಳೆ ನೀವು ಮಾರಲು ಹೋದಾಗ ಕೊಳ್ಳುವವರು ಕೇಳುವ ಮೊದಲ ಕಾಗದ ಅದು.